ಕೆಂಪು ಚುಕ್ಕೆಯ ಕಾಡತೂಸು

ಹಮ್ಮರ್‌ನೇಸ್, ಸೆಪ್ಟೆಂಬರ್ 14

ಬಾಯಿದ್ದೂ ಮಾತಾಡದ ನನ್ನ ಟೋರ್ಕೆಲ್‌ಗೆ,

ನಿನ್ನ ಪತ್ರ ತಲುಪಿತು. ಅದನ್ನು ಪತ್ರ ಅನ್ನುವುದಕ್ಕೂ ನಾಚಿಕೆ. "ಕಾಡತೂಸಿಗೆ ಮದ್ದು ತುಂಬುವ ಯಂತ್ರವನ್ನು ಬೆರ್ಟಿಲ್‌ಗೆ ಮಾರಿಬಿಡು. ಆರೋಗ್ಯ ನೋಡಿಕೋ." ಇಷ್ಟು ಕಾಲ ನನ್ನೊಡನೆ ಸಂಸಾರ ಮಾಡಿ, ಮಾರ್ಚ್‌ನಲ್ಲಿ ಚೀಲ ಹಿಡಿದು ಅಕ್ಕನ ಮನೆ ಸೇರಿದವನು ಬರೆದದ್ದು ಇಷ್ಟೇ. ಸಿಟ್ಟಿನಲ್ಲಿ ಆಗಲೇ ಬೆರ್ಟಿಲ್‌ಗೆ ಫೋನ್ ಮಾಡಿ, ಬಂದು ಹೊತ್ತುಕೊಂಡು ಹೋಗು ಎಂದೆ. ಯಂತ್ರ ಇನ್ನೂ ಇಲ್ಲೇ ಇದೆ. ಏಕೆಂದು ಹೇಳುತ್ತೇನೆ, ಕಾಫಿ ಬಗ್ಗಿಸಿಕೊಂಡು ಕೂತು ಓದು.

ಬೇಟೆ ಶುರುವಾಗುವ ಮೊದಲು ಎಲ್ಲರೂ ಮರದ ಮೂಸ್ ಕಡವೆಗೆ ಗುರಿಯಿಟ್ಟು ಅಭ್ಯಾಸ ಮಾಡಲು ಹೋದೆವು. ನೀನು ತುಂಬಿಕೊಟ್ಟ ನನ್ನ ಕೆಂಪು ಚುಕ್ಕೆಯ ಕಾಡತೂಸುಗಳ ಡಬ್ಬಿಯ ತಳ ಕಾಣುತ್ತಿತ್ತು. ಅವನ್ನು ಬೇಟೆಗೆ ಉಳಿಸೋಣವೆಂದು ಪೇಟೆಯಿಂದ ಹೊಸ ಡಬ್ಬಿ ತಂದಿದ್ದೆ. ಅದೇ ಮುನ್ನೂರರ ಮ್ಯಾಗ್ನಮ್ ಕಾಡತೂಸು, ಅದೇ ತೂಕದ ಗುಂಡು. ಕುದುರೆ ಎಳೆದೆ ನೋಡು, ಆಕಾಶ ಭೂಮಿ ಒಂದಾಯಿತು. ಹೆಗಲು ಕಳಚಿ ಬಿದ್ದಂತಾಯಿತು, ಬಂದೂಕಿನ ಮೇಲಿನ ದುರ್ಬೀನಿನ ಅಂಚು ಹಣೆಗೆ ಬಡಿದು ಹುಬ್ಬು ಸೀಳಿತು. ನಮ್ಮ ಬೇಟೆ ತಂಡದ ಸ್ಟೂರೆ ಬಿಡುತ್ತಾನೆಯೇ? "ಏನೇ ಮಾರ್ಗಿತ್, ಗಂಡ ಬಿಟ್ಟೋದ ಅಂತ ಬಂದೂಕಿಗೆ ಮುತ್ತು ಕೊಡೋಕೆ ಹೋದ್ಯಾ?" ಎಂದ. ಮೂಗಿಗೆ ರಕ್ತ ಇಳಿಯುತ್ತಿದ್ದರೂ ಅವನಿಗೆ ತಕ್ಕ ಉತ್ತರ ಕೊಟ್ಟೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೆರ್ಟಿಲ್ ಮಾತ್ರ ನಗಲಿಲ್ಲ. ತಂಡದ ಯಜಮಾನನಲ್ಲವೇ, ಅವನಿಗೆ ಪೇಟೆಯ ಡಬ್ಬಿಯ ಮೇಲೆ ಅನುಮಾನ. ಗುಂಡಿನ ವೇಗ ಅಳೆಯುವ ಪೆಟ್ಟಿಗೆಯನ್ನು ಮುಂದಿಟ್ಟು, ನನ್ನ ಬಂದೂಕಿನಿಂದ ತಾನೇ ಹೊಡೆದ. ಪೇಟೆಯದು ಸೆಕೆಂಡಿಗೆ ಒಂಬೈನೂರು ಮೀಟರ್, ಡಬ್ಬಿಯ ಮೇಲೆ ಬರೆದಷ್ಟೇ. ಆಮೇಲೆ ಕೆಂಪು ಚುಕ್ಕೆಯದೊಂದನ್ನು ಹೊಡೆದ. ಏಳುನೂರ ಎಂಬತ್ತು. ಪೆಟ್ಟಿಗೆ ಕೆಟ್ಟಿರಬೇಕೆಂದು ಇನ್ನೊಂದು ಹೊಡೆದ. ಮತ್ತೆ ಅಷ್ಟೇ.

ವೇಗ ಅಷ್ಟು ಇಳಿದರೆ ಪೆಟ್ಟಿನ ಶಕ್ತಿ ಅದರ ಎರಡರಷ್ಟು ಇಳಿಯುತ್ತದೆಯಂತೆ. ಪೇಟೆಯದು ನಾಲ್ಕು ಸಾವಿರದ ಏಳುನೂರು ಜೂಲ್ ದಾಟಿದರೆ ನನ್ನದು ಮೂರೂವರೆ ಸಾವಿರ. ಬೆರ್ಟಿಲ್‌ನ ಹಳೇ ಮೂವತ್ತು-ಸೊನ್ನೆ-ಆರು ಬಂದೂಕು ಕೂಡ ಅದಕ್ಕಿಂತ ಮೇಲೆ! ಅದನ್ನು ಮುದುಕರ ಊರುಗೋಲು ಎಂದು ಪ್ರತಿ ವರ್ಷ ಆಡಿಕೊಳ್ಳುತ್ತಿದ್ದವಳು ನಾನು. ಬೆರ್ಟಿಲ್ ಗಡ್ಡ ತುರಿಸಿಕೊಂಡು ಮೆಲ್ಲಗೆ, "ಇದು ತಪ್ಪಿ ಆಗಿದ್ದಲ್ಲ ಕಣಮ್ಮ. ಟೋರ್ಕೆಲ್ ಅಳೆದು ತೂಗಿ ಕಮ್ಮಿ ಮದ್ದು ಹಾಕವ್ನೆ" ಎಂದ.

ಮೊದಲು ಬಂದದ್ದು ಕೋಪ. ಸುಳ್ಳೇಕೆ ಹೇಳಲಿ? ಮದುವೆಯಾದ ವರ್ಷ ಬೇಟೆಯ ಗುಡಿಸಲಿನಲ್ಲಿ ಸ್ಟೂರೆ, ಹೆಂಗಸರಿಗೆ ಆರೂವರೆಯ ಸಣ್ಣ ಕಾಡತೂಸೇ ಜಾಸ್ತಿ ಎಂದಾಗ, ಗಂಡ ಹೊಡೆಯುವ ಮ್ಯಾಗ್ನಮ್ ಅನ್ನೇ ನಾನೂ ಹೊಡೆಯುತ್ತೇನೆ ಎಂದು ಮೇಜು ಗುದ್ದಿದ್ದೆ. ಮಾರನೆಯ ವಾರ ನೀನು ಡಬ್ಬಿ ಕೈಗಿಟ್ಟು, "ಕೆಂಪು ಚುಕ್ಕೆದು ನಿನ್ ಬಂದೂಕಿಗೆ ಒಗ್ಗುತ್ತೆ" ಎಂದೆ, ಅಷ್ಟೇ. ಅಂದಿನಿಂದ ಮ್ಯಾಗ್ನಮ್ ಒದೆಯುತ್ತದೆ ಎಂದು ಯಾರಾದರೂ ಹೆಗಲು ಉಜ್ಜಿಕೊಂಡರೆ ನನಗೆ ನಗು. "ಮಾರ್ಗಿತ್ ಹೆಗಲು ಕಬ್ಬಿಣ, ಟೋರ್ಕೆಲ್‌ದು ಬೆಣ್ಣೆ" ಎಂದು ಸ್ಟೂರೆ ಆಡಿಕೊಂಡಾಗ ನಾನು ನಿನ್ನ ಮುಂದೆಯೇ ಬೀಗಿದ್ದೆ. ನೀನು ಕಾಫಿ ಊದಿಕೊಂಡು ಕುಡಿಯುತ್ತಾ ಕೂತಿರುತ್ತಿದ್ದೆ. ಒಂದು ಮಾತಿನಲ್ಲಿ ನನ್ನ ಜಂಬ ಇಳಿಸಬಹುದಿತ್ತು, ಇಳಿಸಲಿಲ್ಲ.

ಆ ಸಂಜೆ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ನಿನ್ನ ಕೋಣೆಗೆ ಹೋದೆ. ತಕ್ಕಡಿಯ ಪಕ್ಕ ಕೆಂಪು ಬಣ್ಣದ ಪುಟ್ಟ ಶೀಸೆ, ಅದರಲ್ಲಿ ಒಣಗಿದ ಕುಂಚ. ಪ್ರತಿ ಬೇಸಿಗೆಯೂ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆಯಲ್ಲ, ನನ್ನ ಮುಖ ನೋಡಲಾಗದೆ ಎಂದುಕೊಂಡಿದ್ದೆ. ಮಾರ್ಚ್‌ನಲ್ಲಿ ನಿನಗೆ ಅಂದದ್ದೂ ಅದನ್ನೇ, ಮರದ ಬೊಡ್ಡೆಯ ಜೊತೆ ಬಾಳಿದ ಹಾಗಾಯಿತು ಎಂದು. ಬೊಡ್ಡೆ ಕಾಳು ಕಾಳು ಮದ್ದು ತೂಗಿ ನನ್ನ ಹೆಗಲು ಕಾಯುತ್ತಿತ್ತು. ಆ ಸ್ಟೂಲಿನ ಮೇಲೆ ಕೂತು ಚೆನ್ನಾಗಿ ಅತ್ತೆ, ಟೋರ್ಕೆಲ್.

ಹಾಗಂತ ನಿನ್ನದು ಪೂರ್ತಿ ಸರಿ ಎನ್ನುತ್ತಿಲ್ಲ. ಹೇಳಬೇಕಿತ್ತು. ಹೇಳಿದ್ದರೆ ನಾನು ಡಬ್ಬಿಯನ್ನು ಕೆರೆಗೆ ಎಸೆಯುತ್ತಿದ್ದೆ, ಅದೂ ನಿಜ. ಆದರೆ ನನ್ನ ಗುಂಡಿಗೆ ಬಿದ್ದ ಒಂದು ಮೂಸ್ ಕೂಡ ಸುಳ್ಳಲ್ಲ. ಸಾಕಾಗುವಷ್ಟು ಪೆಟ್ಟು, ತಡೆಯುವಷ್ಟು ಒದೆತ. ಕಳೆದ ಸೋಮವಾರ ಜೌಗಿನ ಅಂಚಿನಲ್ಲಿ ಉಳಿದಿದ್ದ ಒಂದೇ ಒಂದು ಕೆಂಪು ಚುಕ್ಕೆಯದನ್ನು ಬಂದೂಕಿಗೆ ತುಂಬಿ ನಿಂತಿದ್ದೆ. ಎಳೆಯ ಗಂಡು ಮೂಸ್ ಬಂತು. ಮೊದಲ ಸಲ, ಕುದುರೆ ಎಳೆಯುವ ಮುಂಚೆ ನಿನಗೆ ಮನಸ್ಸಿನಲ್ಲೇ ವಂದನೆ ಹೇಳಿದೆ. ಅದು ನಾಲ್ಕು ಹೆಜ್ಜೆ ಇಟ್ಟು ಮಲಗಿತು.

ಇನ್ನು ನನ್ನ ಡಬ್ಬಿ ಖಾಲಿ. ಯಂತ್ರ ಮಾರುವುದಿಲ್ಲ, ಅದನ್ನು ನಡೆಸಲು ನನಗೆ ಬರುವುದೂ ಇಲ್ಲ.

ಹುಬ್ಬಿನ ಗಾಯ ಮಾಯುತ್ತಿರುವ,
ಹೆಗಲು ನಿನ್ನ ದಯೆಯಿಂದ ನೆಟ್ಟಗಿರುವ,
ಮಾರ್ಗಿತ್

ತಾ.ಕ.: ಹೇಳಲು ಸಂಕೋಚ. ನಿನ್ನೆ ಮಾಂಸ ಹಂಚಿದೆವು. ಹೊಡೆದವಳೆಂದು, ಮಾಂಸದ ಗುಡ್ಡೆಗಳಿಗೆ ಬೆನ್ನು ಹಾಕಿ, ಯಾವುದು ಯಾರಿಗೆಂದು ನೋಡದೆ ಹೆಸರು ಕೂಗುವ ಸರದಿ ನನ್ನದು. ಬೆರ್ಟಿಲ್ ಒಂದೊಂದೇ ಗುಡ್ಡೆ ಮುಟ್ಟಿ "ಇದ್ಯಾರ್ಗೆ?" ಎನ್ನುತ್ತಾ ಬಂದ. ಎಲ್ಲರ ಹೆಸರೂ ಕೂಗಿದೆ. ಕೊನೆಯದು ಉಳಿಯಿತು, ಅದು ನನ್ನದು. ನನ್ನ ಬಾಯಿಂದ ಬಂದದ್ದು "ಟೋರ್ಕೆಲ್". ಸ್ಟೂರೆ "ಅವನೆಲ್ಲಿದಾನೆ ಮಾರಾಯ್ತಿ!" ಎಂದು ಕಿರುಚಿದ. "ಕೂಗಿದ್ದು ಕೂಗಿದ್ದೇ" ಎಂದು ಬೆರ್ಟಿಲ್ ಚೀಲಕ್ಕೆ ನಿನ್ನ ಹೆಸರು ಬರೆದ. ಹಾಗಾಗಿ ಈ ಚಳಿಗಾಲಕ್ಕೆ ನನ್ನದೆಂಬ ಒಂದು ತುಂಡೂ ಮನೆಯಲ್ಲಿಲ್ಲ. ಇರುವುದೆಲ್ಲ ನಿನ್ನದು, ನಿನ್ನನ್ನು ಕೇಳದೆ ನಾನು ಮುಟ್ಟುವ ಹಾಗಿಲ್ಲ. ಬೇಗ ಬಾ, ಹಸಿವಾಗುತ್ತಿದೆ.