ಜುಂಜಮ್ಮನ ಎಡಗಿವಿ

ಹೊಸದುರ್ಗ
9 ಫೆಬ್ರವರಿ 1976

ಇವತ್ತೂ ಓಪಿ ಮೂರು ಗಂಟೆಯವರೆಗೆ. ಕೆಮ್ಮು, ಭೇದಿ, ಕಜ್ಜಿ. ಕೊನೆಗೆ ಮಾಡದಕೆರೆಯ ಕುರಿ ಕಾಯುವ ಕಾಟಯ್ಯ, ಅವನ ಹೆಂಡತಿ ಜುಂಜಮ್ಮ. ಅವಳ ಎಡಗಿವಿಯಲ್ಲಿ ಗುಂಯ್ ಎನ್ನುತ್ತಿತ್ತಂತೆ. ಈಗ ಕೇಳುವುದೇ ಇಲ್ಲ.

"ಕುರಿ ಒಂದ್ ಕಡೆ ಕೂಗಿದ್ರೆ ಇವ್ಳು ಇನ್ನೊಂದ್ ಕಡೆ ಓಡ್ತಾಳೆ ಡಾಕ್ಟ್ರಮ್ಮ," ಎಂದ ಕಾಟಯ್ಯ.

"ನೀನು ಎರಡು ಕಿವಿ ಇಟ್ಕಂಡು ಯಾವ ಕಡೀಗೂ ಓಡಲ್ಲ," ಎಂದಳು.

ಕಿವಿಯೊಳಗೆ ಏನೂ ಇಲ್ಲ. ನಡೆದರೆ ಎಡಕ್ಕೆ ವಾಲುತ್ತಾಳೆ. ಹತ್ತಿಯ ಎಳೆ ಎಡಗಣ್ಣಿಗೆ ತಾಗಿಸಿದೆ. ರೆಪ್ಪೆ ಮಿಟುಕಲಿಲ್ಲ: ಕಿವಿಯ ಹಿಂದಿನಿಂದ ಏನೋ ಕಣ್ಣಿನ ನರವನ್ನೂ ಒತ್ತುತ್ತಿದೆ. ಕಿವಿಯ ನರದ ಮೇಲೆ ಗಡ್ಡೆ? ಕ್ಯಾನ್ಸರ್ ಅಲ್ಲ. ಆದರೂ ಬೆಳೆಯುತ್ತ ಹೋದರೆ ಮೆದುಳನ್ನು ಒತ್ತಿ ಕೊಲ್ಲುತ್ತದೆ. ಓದಿದ್ದು ಮಾತ್ರ, ಕಂಡಿಲ್ಲ.

14 ಫೆಬ್ರವರಿ

ಚಿತ್ರದುರ್ಗದಲ್ಲಿ ಮೀಟಿಂಗ್. ಸರ್ಜನ್ ಶಿವಕುಮಾರಪ್ಪನವರಿಗೆ ಹೇಳಿದೆ. ನಕ್ಕರು. "ಅದು ಬಿಳೇರ ಕಾಯಿಲೆ ಕಣಮ್ಮ. ನಮ್ಮ ಜನಕ್ಕೆ ಎಲ್ಲಿ ಬರ್ತದೆ? ನನ್ನ ಸರ್ವೀಸಿನಲ್ಲಿ ಒಂದೂ ನೋಡಿಲ್ಲ."

ಬಸ್ಸಿನಲ್ಲಿ ಅದೇ ಯೋಚನೆ. ಪುಸ್ತಕದ ಲೆಕ್ಕವೆಲ್ಲ ಯೂರೋಪಿನದು. ಲಕ್ಷಕ್ಕೆ ಒಬ್ಬರು... ಯಾರ ಲಕ್ಷ? ಒಂದು ಕಿವಿ ಹೋಯಿತೆಂದು ಇಲ್ಲಿ ಯಾರು ಆಸ್ಪತ್ರೆಗೆ ಬರುತ್ತಾರೆ? ನಮ್ಮಲ್ಲಿ ಇಲ್ಲವೋ, ನಾವು ನೋಡಿಲ್ಲವೋ. ಅವರು ಅನುಭವಸ್ಥರು. ತಪ್ಪಿದ್ದು ನಾನೇ ಆದರೆ? ಆದರೂ ಬೆಂಗಳೂರಿಗೆ ಬರೆದುಕೊಡುತ್ತೇನೆ.

3 ಮಾರ್ಚ್

ಜುಂಜಮ್ಮ ಬೆಂಗಳೂರಿನಿಂದ ವಾಪಸ್. ಗಡ್ಡೆಯೇ. ತಲೆ ಬೋಳಿಸಿ ಆಪರೇಷನ್ ಎಂದದ್ದಕ್ಕೆ ಎದ್ದು ಬಂದಿದ್ದಾಳೆ.

"ಈ ಕೂದ್ಲು ದೇವ್ರಿಗೆ ಹರಕೆ ಹೊತ್ತಿರಾದು. ಅವ್ರು ಬೋಳ್ಸಿ ಕಸಕ್ಕೆ ಹಾಕ್ತಾರೆ. ಅಣ್ಣತಮ್ರು ಕುರಿ ಹೊಡ್ಕಂಡು ಹೋಗ್ಯವ್ರೆ. ಎಲ್ರೂ ಹಟ್ಟಿಗೆ ಬಂದ್ಮೇಲೆ ಮುಡಿ ಕೊಡಾದು."

"ನಂದು ಕೊಟ್ರೆ ನಡ್ಯಲ್ವಾ?" ಎಂದ ಕಾಟಯ್ಯ.

"ನಿನ್ ತಲ್ಯಾಗೆ ಏನೈತೆ ಕೊಡಾಕೆ?"

ಗದರಿದೆ, ಬೇಡಿಕೊಂಡೆ. ಕೇಳಲಿಲ್ಲ. ಸುಸ್ತು.

29 ಮಾರ್ಚ್

ಬಂದಿಲ್ಲ. ಗಡ್ಡೆಗೆ ಹರಕೆ ಗೊತ್ತಿಲ್ಲ.

12 ಏಪ್ರಿಲ್

ಜುಂಜಮ್ಮ. ಗೋಡೆ ಹಿಡಿದು ಒಳಗೆ ಬಂದಳು. ಸೆರಗು ಸರಿಸಿದಳು: ನುಣ್ಣನೆ ತಲೆ, ಮೇಲೆ ಗಂಧ.

"ದೇವ್ರುದ್ದು ದೇವ್ರಿಗೆ ಆತು. ಇನ್ನು ಉಳಿದದ್ದು ನಿಮ್ದು. ಚೀಟಿ ಬರ್ಕೊಡ್ರಿ."

ಬರೆದುಕೊಟ್ಟೆ. ಇವತ್ತಿನ ಬಸ್ಸಿಗೇ ಹೋಗಿ ಎಂದೆ. ತಡವಾಯಿತೇನೋ.

21 ಜೂನ್

ಬದುಕಿ ಬಂದಿದ್ದಾಳೆ. ಎಡ ಮುಖ ಜೋತಿದೆ, ಎಡಗಿವಿ ಪೂರ್ತಿ ಹೋಯಿತು. ಆದರೆ ಗೋಡೆ ಹಿಡಿಯಲಿಲ್ಲ. ಅವಳ ಎಡಕ್ಕೆ ಕಾಟಯ್ಯ.

"ಈ ಕಡೆ ಬೈದ್ರೆ ಕೇಳ್ಸಲ್ಲ. ಅದ್ಕೇ ಇಲ್ಲೇ ನಡಿತೀನಿ," ಎಂದ.

ಅವಳು ಅರ್ಧ ಮುಖದಲ್ಲಿ ನಕ್ಕಳು.

ಶಿವಕುಮಾರಪ್ಪನವರು ಏನೆನ್ನುತ್ತಾರೆ ಗೊತ್ತು. ಒಬ್ಬಳೇ ತಾನೆ, ಅಪರೂಪವೇ. ಸರಿಯೂ ಇರಬಹುದು.

ಹೊರಟವಳು ನಿಂತಳು. "ನಮ್ ಹಟ್ಟಿ ಮುದ್ದಕ್ಕನ್ನ ಕರ್ಕಂಡ್ ಬಂದೀನಿ. ಅವ್ಳೂ ಕೂಗಿದ್ ಕಡೆ ತಿರುಗಲ್ಲ."

ಬೆಂಚಿನ ಮೇಲೆ ಮುದುಕಿ. ಬಲಗಿವಿ ಕೇಳದೆ ಬಹಳ ವರ್ಷ. "ವಯಸ್ಸಾತಲ್ಲ ತಾಯಿ. ಇನ್ನೊಂದ್ ಕೇಳ್ತೈತೆ ಬಿಡ್ರಿ."

ಕಿವಿಯೊಳಗೆ ಏನೂ ಇಲ್ಲ. ಹತ್ತಿಯ ಎಳೆ ತೆಗೆದುಕೊಂಡು ಬಲಗಣ್ಣಿಗೆ ತಾಗಿಸಿದೆ. ರೆಪ್ಪೆ ಮಿಟುಕಲಿಲ್ಲ.