ಬೀದಿ ಬಾಗಿಲ ಚುಕ್ಕಿಗಳು

ಚಾಮರಾಜಪೇಟೆ ಅಜ್ಜಿಗೆ,

ಫೋನಲ್ಲಿ ನಿನಗೆ ಸರಿಯಾಗಿ ಕೇಳಿಸಲ್ಲ, ಅದಕ್ಕೇ ಕಾಗದ. ಯೂನಿವರ್ಸಿಟೀಲಿ ಈಗ ವೆಬ್‌ಪೇಜ್ ಮಾಡೋದು ಕಲಿಸ್ತಿದಾರೆ. ಚಿತ್ರ ಎಲ್ಲಿರಬೇಕು, ಅಕ್ಷರ ಎಲ್ಲಿರಬೇಕು ಅಂತ ನಾವೇ ಜಾಗ ಗೊತ್ತುಮಾಡಬೇಕು. ನನ್ನದು ಮಾತ್ರ ಒಂದರ ಮೇಲೊಂದು ಬಿದ್ದು ರಾಡಿಯಾಗ್ತಿತ್ತು. ಆಗ ನೀನು ಬಾಗಿಲಲ್ಲಿ ರಂಗೋಲಿ ಹಾಕ್ತಾ ಬಗ್ಗಿಕೊಂಡೇ ನನ್ನ ಗದರ್ತಿದ್ದದ್ದು ನೆನಪಾಯ್ತು: "ಮೊದ್ಲು ಚುಕ್ಕಿ ನೆಟ್ಟಗಿಡೇ, ಗೆರೆಗೇನು ಅವಸರ?" ಪುಸ್ತಕದಲ್ಲಿ ಚುಕ್ಕಿ ಇಟ್ಕೊಂಡು ಮತ್ತೆ ಶುರುಮಾಡಿದೆ. ಎಲ್ಲಾ ಅದರದರ ಜಾಗಕ್ಕೆ ಬಂತು.

ಪೇಜಿಗೆ ನಿನ್ನ ರಂಗೋಲಿ ಫೋಟೋನೇ ಹಾಕೋಣ ಅಂತ ಹುಡುಕಿದೆ. ಇರೋದೆಲ್ಲಾ ತಾತ ಇದ್ದಾಗಿನವು. ತಾತ ಹೋದಮೇಲೆ, ಜನ ಏನಂತಾರೋ ಅಂತ, ನೀನು ಪುಡಿ ಮುಟ್ಟೇ ಇಲ್ಲ. ಬಾಗಿಲಲ್ಲಿ ಅಮ್ಮ ಅಂಟಿಸಿರೋ ಪ್ಲಾಸ್ಟಿಕ್ ರಂಗೋಲಿ ಸ್ಟಿಕರ್ ಫೋಟೋ ನಾನಂತೂ ಹಾಕಲ್ಲ.

ಭಾನುವಾರ ಬೆಳಗ್ಗೇನೇ ಬರ್ತೀನಿ. ರಂಗೋಲಿಪುಡಿ ಗಾಂಧಿಬಜಾರಿಂದ ನಾನೇ ತರ್ತೀನಿ. ಆ ಸ್ಟಿಕರ್ ಕಿತ್ತು, ನೆಲ ತೊಳೆಸಿಡು. ಹಿತ್ತಲಲ್ಲಿ ಹಾಕ್ತೀನಿ ಅನ್ನಬೇಡ, ಬೀದಿ ಬಾಗಿಲಲ್ಲೇ ಹಾಕಬೇಕು. ನಾನು ಮೊದಲಿನ ಹಾಗೆ ಮೆಟ್ಟಿಲ ಮೇಲೆ ಕೂತು ಡಬ್ಬಿ ಹಿಡ್ಕೊಂಡಿರ್ತೀನಿ.

ಎದುರುಮನೆಯವರು ಏನಾದ್ರೂ ಅಂದ್ರೆ, ಮೊಮ್ಮಗಳ ಕಾಲೇಜಿನ ಹೋಮ್‌ವರ್ಕು ಅಂದ್ಬಿಡು.

ಹಾಸ್ಟೆಲಿಂದ,
ನಿನ್ನ ಸುಪ್ರಜಾ