ನಾಲಿಗೆಗೆ ಅಂಟಿದ ದವಡೆ

ಕರೋಂಗಾ, ಶುಕ್ರವಾರ

ಅಕ್ಕನಿಗೆ,

ಸಂಜೆ ಐದು ಗಂಟೆ. ಕಲ್ಲಾದ ಹಳೆಯ ಮೂಳೆ ಹುಡುಕುವ ವಿಜ್ಞಾನಿ ಮೇಡಂ ಜೊತೆ ಇಡೀ ದಿನ ಗುಡ್ಡದ ಮಣ್ಣನ್ನು ಜರಡಿಯಲ್ಲಿ ತೊಳೆದೆವು. ಊಟವಾದ ಮೇಲೆ ನನ್ನ ಜರಡಿಯಲ್ಲಿ ಉಗುರಿನಷ್ಟು ದೊಡ್ಡ ಇಲಿ ದವಡೆ ಸಿಕ್ಕಿತು. ಜೊತೆಗೆ ಕೆಲಸ ಮಾಡುವ ಟುಪೊಕಿಲೆ ಬಿದ್ದು ಬಿದ್ದು ನಕ್ಕಳು.

"ಮೇಡಂ, ನಂಬಬೇಡಿ! ಈ ದೆಡ್ಜಾ ಊರಿನವಳು ಈಗ ತಾನೇ ಸುಟ್ಟ ಇಲಿ ತಿಂದ್ಳು. ಅದರದ್ದೇ ಮೂಳೆ!"

ತಿಂದದ್ದು ನಿಜ. ಮೇಡಂ ದವಡೆಯನ್ನು ಎಸೆಯಲು ಕೈಯೆತ್ತಿದರು.

"ತಡೀರಿ ಮೇಡಂ! ಮುಳ್ಳು ಉಗುಳೋದು ಮೀನು ತಿನ್ನೋ ಇವಳು. ನಾವು ಇಲೀನ ಮೂಳೆ ಸಮೇತ ಅಗಿದು ನುಂಗೋರು!" ಎಂದೆ ನಾನು.

ಮೇಡಂ ನಗುತ್ತಲೇ ಅದನ್ನು ನಾಲಿಗೆಗೆ ಮುಟ್ಟಿಸಿದರು. ಅಂಟಿಕೊಂಡಿತು! ಹೊಸ ಮೂಳೆ ಅಂಟುವುದಿಲ್ಲ, ಕಲ್ಲಾದ ಹಳೆಯ ಮೂಳೆ ಅಂಟುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು, "ಹಲ್ಲಿನ ಮೇಲೆ ಇಂಥ ಏಣು ಈಗಿನ ಯಾವ ಇಲಿಗೂ ಇಲ್ಲ. ಹೊಸ ಜಾತಿಯೇ ಆದರೆ ಏನು ಹೆಸರಿಡೋಣ, ನೀನೇ ಹೇಳು" ಎಂದರು. ನಾನು ನಮ್ಮ ಮನೆಯವರ ಹೆಸರು ಹೇಳಿದೆ.

"ಅಯ್ಯೋ, ಸತ್ತ ಗಂಡನ್ನ ಇಲಿ ಮಾಡಿದ್ಯಲ್ಲೇ!" ಎಂದಳು ಟುಪೊಕಿಲೆ. ಅವರು ತೀರಿಕೊಂಡ ಮೇಲೆ ನಾನು ಇಷ್ಟು ನಕ್ಕಿದ್ದು ಇವತ್ತೇ.

ಮಂಡಿನೋವು ಇಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಬೇರೆ ಹಲ್ಲುಗಳೊಂದಿಗೆ ಹೋಲಿಸಿ ನೋಡಲು ದವಡೆ ನಾಳೆ ಬೆಳಗಿನ ಬಸ್ಸಿನಲ್ಲಿ ರಾಜಧಾನಿ ಲಿಲಾಂಗ್ವೆಗೆ ಹೋಗುತ್ತದೆ.

ನಿನ್ನ ತಂಗಿ ಎಸ್ನಾತ್